ಅಗ್ನಿಗೋಳ (ತುಂಬಾ ಪ್ರಖರವಾದ ಉಲ್ಕೆ) ಕಂಡ ಕೂಡಲೇ ಏನೇನು ಗುರುತು ಹಾಕಿಕೊಳ್ಳಬೇಕು?

ತಿರುಗುಚುಕ್ಕಿ: ಶುಕ್ರನಿಗಿಂತ ಪ್ರಖರವಾದ ಹಸಿರು ಉಲ್ಕೆ ಕಂಡೆ, ಸುಮಾರು 4 ಸೆಕೆಂಡು ಇತ್ತು. ಕೊನೆಗೆ ಮೂರು ಚೂರಾಗಿ ಮರಗಳ ಹಿಂದೆಯೇ ಇಳಿದಂತೆ ಕಂಡಿತು. ಸದ್ದಿಲ್ಲ. ವರದಿಗೆ ಯಾವ ವಿವರ ಬೇಕು? ಬಿದ್ದ ಕಲ್ಲು ಹುಡುಕಬಹುದಾ?

ಕೃತ್ತಿಕೆ: ನಿಂತ ಜಾಗ ಬಿಟ್ಟು ಕದಲಬೇಡಿ. ಎಲ್ಲಿ ಹೊತ್ತಿತು, ಎಲ್ಲಿ ಆರಿತು ಅನ್ನುವ ಎರಡು ಬಿಂದುಗಳನ್ನು ಕಂಬ, ಮಾಳಿಗೆಯ ಅಂಚು, ನಕ್ಷತ್ರ ಯಾವುದಕ್ಕಾದರೂ ಹೊಂದಿಸಿಕೊಳ್ಳಿ. ತೋಳು ಪೂರ್ತಿ ಚಾಚಿದರೆ ಮುಷ್ಟಿಯ ಅಗಲ ಸುಮಾರು 10 ಡಿಗ್ರಿ, ಕಿರುಬೆರಳಿನದು 1. ದಿಗಂತದಿಂದ ಮುಷ್ಟಿಯ ಮೇಲೆ ಮುಷ್ಟಿ ಇಟ್ಟು ಎಣಿಸಿ. ಬರೀ ಅಂದಾಜಿನಲ್ಲಿ ಹೇಳುವವರು ಎತ್ತರವನ್ನು ಹಿಗ್ಗಿಸುವುದೇ ಹೆಚ್ಚು. ಫೋನಿನ ದಿಕ್ಸೂಚಿ ಕಾರು, ಕಬ್ಬಿಣದ ಗ್ರಿಲ್ ಪಕ್ಕದಲ್ಲಿ ಎತ್ತೆತ್ತಲೋ ತೋರಿಸುತ್ತೆ. ಅದಕ್ಕಿಂತ ಉಪಗ್ರಹ ನಕ್ಷೆಯಲ್ಲಿ ನೀವು ನಿಂತ ಜಾಗದಿಂದ ಆ ಕಂಬಕ್ಕೆ ಗೆರೆ ಎಳೆದರೆ ದಿಕ್ಕು ಸರಿಯಾಗಿ ಸಿಗುತ್ತೆ. ಅಂತರರಾಷ್ಟ್ರೀಯ ಉಲ್ಕಾ ಸಂಘಟನೆಯ ಆನ್‌ಲೈನ್ ಫಾರ್ಮಿನಲ್ಲಿ ಕೇಳುವುದೂ ಮುಖ್ಯವಾಗಿ ಇದನ್ನೇ. ಜೊತೆಗೆ ಸಮಯ, ಬಣ್ಣ, ಚೂರಾಯಿತೇ, ಸದ್ದು ಬಂತೇ.

ಮೂರನೇ_ಜಾವ: ‘ಮರದ ಹಿಂದೆ’ ಅನ್ನೋದು ಕಣ್ಣಿನ ಮೋಸ. 30 ಕಿ.ಮೀ. ಎತ್ತರದಲ್ಲಿ ಆರಿದ ಉಲ್ಕೆ ದಿಗಂತದಿಂದ 10 ಡಿಗ್ರಿ ಮೇಲೆ ಕಂಡಿದ್ದರೆ ಅದು ಸುಮಾರು 170 ಕಿ.ಮೀ. ಆಚೆ! ಬೆಳಕು ಆರಿದ ಮೇಲೆ ಕಲ್ಲು ಉಳಿದಿದ್ದರೆ ಅದು ಕತ್ತಲಲ್ಲೇ ನಿಮಿಷಗಟ್ಟಲೆ ಬೀಳುತ್ತೆ, ಗಾಳಿಯೂ ಪಕ್ಕಕ್ಕೆ ತಳ್ಳುತ್ತೆ. ಒಬ್ಬರ ವರದಿಯಿಂದ ಜಾಗ ಸಿಗಲ್ಲ. ದೂರದೂರದ ಕನಿಷ್ಠ ಎರಡು ಜಾಗಗಳಿಂದ ಎಳೆದ ದಿಕ್ಕಿನ ಗೆರೆಗಳು ಸೇರಬೇಕು.

ಸದ್ದಿಗೆ ಕಿಲೋಮೀಟರಿಗೆ 3 ಸೆಕೆಂಡು ಹಿಡಿಯಿರಿ. 30 ಕಿ.ಮೀ. ಎತ್ತರದಲ್ಲಿ ನೆತ್ತಿಯ ಮೇಲೇ ಒಡೆದರೂ ಒಂದೂವರೆ ನಿಮಿಷ, ಓರೆಯಾಗಿದ್ದರೆ ಇನ್ನೂ ತಡ. ಹತ್ತು ನಿಮಿಷ ಕಿವಿಗೊಟ್ಟಿರಿ, ಆದರೆ ಕಿಟಕಿಯ ಹತ್ತಿರ ಅಲ್ಲ: 2013ರ ಫೆಬ್ರವರಿ 15ರಂದು ರಷ್ಯಾದ ಚೆಲ್ಯಾಬಿನ್ಸ್ಕ್‌ನಲ್ಲಿ ಉಲ್ಕೆಯ ಮಿಂಚು ಕಂಡು ಕಿಟಕಿಗೆ ಬಂದವರಿಗೆ ನಿಮಿಷಗಳ ನಂತರ ಬಂದ ಆಘಾತ ತರಂಗದಿಂದ ಗಾಜು ಚುಚ್ಚಿತ್ತು.

ಹಸಿರು ನೋಡಿ ಕಲ್ಲಿನ ಜಾತಿ ಹೇಳಲಾಗದು. ಮೆಗ್ನೀಸಿಯಮ್, ನಿಕ್ಕಲ್ ಅಷ್ಟೇ ಅಲ್ಲ, ಗಾಳಿಯ ಆಮ್ಲಜನಕವೂ ಹಸಿರು ಕೊಡುತ್ತೆ. 4 ಸೆಕೆಂಡಿನಲ್ಲಿ ಮುಗಿದಿದ್ದರೆ ಉಪಗ್ರಹದ ಅವಶೇಷ ಇರಲಾರದು, ಅದು ಅರ್ಧ ನಿಮಿಷಕ್ಕೂ ಹೆಚ್ಚು ಹೊತ್ತು ತೆವಳುತ್ತೆ.

ಕೃತ್ತಿಕೆ: ಸಿಸಿಟಿವಿಯಲ್ಲಿ ಸಿಕ್ಕಿದೆಯಾ? ಹಳೇ ರೆಕಾರ್ಡಿಂಗ್ ಅಳಿಸಿಹೋಗುವ ಮೊದಲೇ ಮೂಲ ಫೈಲ್ ತೆಗೆದಿಡಿ. ಪರದೆಯನ್ನು ಫೋನಿನಲ್ಲಿ ಚಿತ್ರೀಕರಿಸಿದರೆ ಅಳತೆಗೆ ಬರಲ್ಲ. ಕ್ಯಾಮೆರಾ ಅಲ್ಲಾಡಿಸಬೇಡಿ, ಅದೇ ಚೌಕಟ್ಟಿನಲ್ಲಿ ನಕ್ಷತ್ರ ಸಿಕ್ಕರೆ ಕೋನ ಲೆಕ್ಕ ಹಾಕಬಹುದು.

ತಿರುಗುಚುಕ್ಕಿ: ಇದೆ. ಆದರೆ ಅದರ ಗಡಿಯಾರ 2 ನಿಮಿಷ ಮುಂದಿದೆ. ಸರಿಪಡಿಸಿ ಕಳಿಸಲಾ?

ಕೃತ್ತಿಕೆ: ಬೇಡ, ಫೈಲ್ ಇದ್ದ ಹಾಗೇ ಇರಲಿ. ಫೋನಿನ ಸಮಯಕ್ಕೆ ಹೋಲಿಸಿ, ವ್ಯತ್ಯಾಸ ಎಷ್ಟು ಸೆಕೆಂಡು ಅಂತ ಪಕ್ಕದಲ್ಲಿ ಬರೆಯಿರಿ.