ಮೀಟರ್ ರೂಮಿನ ಹತ್ತಿರ ಬೆಕ್ಕಿಗೆ ಪೆಟ್ಟಾಗಿದೆ, ಯಾರಾದರೂ ಕೆಳಗೆ ಬನ್ನಿ

ಎ-104, ಬೆಳಿಗ್ಗೆ 7:10
ನಮಸ್ಕಾರ. ಮೀಟರ್ ರೂಮಿನ ಹತ್ತಿರ ಓಡಾಡುವ ಕಂದು-ಬಿಳಿ ಬೆಕ್ಕು ಹಿಂಗಾಲು ಎಳೆದುಕೊಂಡು ಬಂದು ಬಿದ್ದಿದೆ. ರಾತ್ರಿ ಮಳೆ ಜೋರಾಗಿತ್ತು ಅಲ್ವಾ, ಯಾವುದೋ ಕಾರಿನ ಬಾನೆಟ್ ಒಳಗೆ ಬೆಚ್ಚಗೆ ಮಲಗಿರಬೇಕು. ಗಾಡಿ ಚಾಲೂ ಮಾಡಿದಾಗ ಪೆಟ್ಟಾಗಿದೆ ಅಂತ ವಾಚ್‌ಮ್ಯಾನ್ ಹೇಳುತ್ತಾರೆ. ಯಾರ ಗಾಡಿ ಅಂತ ಹುಡುಕುವುದು ಬೇಡ. ಮುಂಬೈ ಪರೇಲಿನ ಬೈಲ್ ಘೋಡಾ ಪ್ರಾಣಿ ಆಸ್ಪತ್ರೆಗೆ ಒಯ್ಯಬೇಕು. ನಮ್ಮ ಮಾಟುಂಗದಿಂದ ದೂರವೇನಿಲ್ಲ, ಆದರೆ ಒಬ್ಬಳಿಗೇ ಹಿಡಿಯಲು ಆಗುತ್ತಿಲ್ಲ. ಬುಸುಗುಡುತ್ತಿದೆ.

ಬಿ-302
ಅಕ್ಕಾ, ಪಾಪ ನೋವಿರುತ್ತದೆ. ಹಾಲಲ್ಲಿ ಅರ್ಧ ಕ್ರೋಸಿನ್ ಕಲಸಿ ಕೊಡಲಾ?

ಎ-104
ಬೇಡ, ಖಂಡಿತ ಬೇಡ! ಕ್ರೋಸಿನ್‌ನಲ್ಲಿರುವ ಪ್ಯಾರಸಿಟಮಾಲ್ ಬೆಕ್ಕಿಗೆ ವಿಷ. ಅದನ್ನು ಅರಗಿಸುವ ಶಕ್ತಿ ಬೆಕ್ಕಿನ ಲಿವರ್‌ಗೆ ಇಲ್ಲ. ರಕ್ತಕ್ಕೆ ಆಮ್ಲಜನಕ ಹೊರಲು ಆಗದಂತೆ ಮಾಡುತ್ತದೆ. ಒಂದೇ ಮಾತ್ರೆಗೆ ಸತ್ತುಹೋಗಬಹುದು. ಡೆಟಾಲ್ ಕೂಡ ಹಚ್ಚಬೇಡಿ, ಗಾಯ ನೆಕ್ಕಿದರೆ ಹೊಟ್ಟೆಗೆ ಹೋಗುತ್ತದೆ. ಹಾಲೂ ಬೇಡ. ನೀರಿನ ಬಟ್ಟಲು ಇಟ್ಟಿದ್ದೇನೆ, ಅಷ್ಟು ಸಾಕು.

ಸಿ-501
ತಪ್ಪು ತಿಳಿಯಬೇಡಿ. ಕೆಳಗೆ ಮಕ್ಕಳು ಆಡುತ್ತಾರೆ. ಕಚ್ಚಿದರೆ ಏನು ಮಾಡುವುದು?

ಬಿ-201
ನಿಮ್ಮ ಭಯ ಸರಿಯೇ. ನಾನು ನರ್ಸ್ ಆಗಿದ್ದವಳು, ಹಾಗಾಗಿ ಹೇಳುತ್ತೇನೆ. ಕಚ್ಚಿದರೂ ಪರಚಿದರೂ ಗಾಯವನ್ನು ನಲ್ಲಿ ನೀರಲ್ಲಿ ಸೋಪು ಹಾಕಿ 15 ನಿಮಿಷ ತೊಳೆಯಬೇಕು. ಅವತ್ತೇ ರೇಬೀಸ್ ಲಸಿಕೆ ಶುರು ಮಾಡಬೇಕು, ನಾಳೆ ನೋಡೋಣ ಅನ್ನಬಾರದು. ಈಗ ಮಕ್ಕಳನ್ನು ಮೇಲೆ ಕರೆಸಿಕೊಳ್ಳಿ. ಬರಿಗೈ ಹಾಕಬೇಡಿ. ಬಟ್ಟೆ ತುಂಬುವ ದೊಡ್ಡ ಬುಟ್ಟಿ ಇದೆಯಾ ಯಾರ ಹತ್ತಿರವಾದರೂ? ದಪ್ಪ ಟವೆಲ್ ಮೇಲಿಂದ ಹಾಕಿ, ಬುಟ್ಟಿ ಮುಚ್ಚಿ, ಅಡಿಯಿಂದ ರಟ್ಟು ಸರಿಸಿದರೆ ಆಯಿತು. ಕತ್ತಲಾದರೆ ಅದೂ ಸುಮ್ಮನಾಗುತ್ತದೆ.

ಸಿ-501
ಬುಟ್ಟಿ ನಮ್ಮಲ್ಲಿದೆ. ತರುತ್ತೇನೆ.

ಎ-104, 7:55
ಸಿಕ್ಕಿತು. ಟ್ಯಾಕ್ಸಿಯಲ್ಲಿ ಕೂತಿದ್ದೇವೆ. ಇನ್ನೊಂದು ವಿಷಯ, ಇದು ಬಹಳ ಮುಖ್ಯ. ಹಿಡಿಯುವಾಗ ಹೊಟ್ಟೆ ಕಂಡಿತು. ಮೊಲೆ ತುಂಬಿದೆ, ಸುತ್ತ ಕೂದಲು ಉದುರಿದೆ. ಎಲ್ಲೋ ಮರಿಗಳಿವೆ! ರಾತ್ರಿಯಿಂದ ಹಾಲಿಲ್ಲದೆ ಇರಬೇಕು. ದಯವಿಟ್ಟು ಹುಡುಕಿ. ಒಂದೆರಡು ನಿಮಿಷ ಸುಮ್ನೆ ನಿಂತು ಕೇಳಿಸಿಕೊಳ್ಳಿ, ದನಿ ಬಹಳ ಸಣ್ಣಗಿರುತ್ತದೆ. ಸೊಸೈಟಿಯ ದೊಡ್ಡ ಗುಂಪಿಗೂ ಯಾರಾದರೂ ಮರಾಠಿಯಲ್ಲಿ ಹಾಕಿ. ಬಾನೆಟ್ ತಟ್ಟದೆ ಇವತ್ತು ಯಾರೂ ಗಾಡಿ ತೆಗೆಯಬೇಡಿ ಅಂತಲೂ ಬರೆಯಿರಿ.

ಬಿ-302
ಮರಾಠಿಯಲ್ಲಿ ಹಾಕಿದೆ. ಪಾರ್ಕಿಂಗ್‌ನಲ್ಲಿ ಇಲ್ಲ. ಟೆರೇಸ್ ಮೆಟ್ಟಿಲಲ್ಲೂ ಇಲ್ಲ.

ಎ-403, 8:40
ಸಿಕ್ಕವು! ಮೂರು ಮರಿ. ಪಂಪ್ ರೂಮಿನ ಹಿಂದೆ, ಗಣಪತಿ ಮಂಟಪದ ಹಳೇ ಪರದೆ ಮೂಟೆ ಕಟ್ಟಿ ಇಟ್ಟಿದ್ದೆವಲ್ಲ, ಅದರೊಳಗೆ. ಕಣ್ಣು ಇನ್ನೂ ಬಿಟ್ಟಿಲ್ಲ. ಒಂದರ ಮೈ ತಣ್ಣಗಿದೆ. ಹಾಲು ಕುಡಿಸಲಾ?

ಬಿ-201
ಮೊದಲು ಬೆಚ್ಚಗೆ ಮಾಡು ಮಗಾ, ಹಾಲು ಆಮೇಲೆ. ತಣ್ಣಗಿರುವ ಮರಿಗೆ ಹಾಲು ಜೀರ್ಣ ಆಗುವುದಿಲ್ಲ. ಬಾಟಲಿಗೆ ಬಿಸಿನೀರು ತುಂಬಿ, ಟವೆಲ್ ಸುತ್ತಿ, ಪಕ್ಕದಲ್ಲಿಡು. ಬಿಸಿ ನೇರ ಮೈಗೆ ತಾಗಬಾರದು. ನಾನೂ ಬರುತ್ತಿದ್ದೇನೆ.

ಎ-104, 10:20
ಎಕ್ಸ್‌ರೇ ಆಯಿತು. ತೊಡೆ ಮೂಳೆ ಮುರಿದಿದೆ, ಉಳಿಯುತ್ತಾಳೆ ಅಂದರು ಡಾಕ್ಟರ್. ಮರಿಗಳನ್ನು ತಂದರೆ ಅಮ್ಮನ ಹತ್ತಿರ ಬಿಟ್ಟು ನೋಡುತ್ತಾರಂತೆ. ಈಗಲೇ ಹೊರಡಿ.

ಎ-403
ಟ್ಯಾಕ್ಸಿ ಸಿಕ್ಕಿತು. ತಣ್ಣಗಿದ್ದ ಮರಿ ಈಗ ಕೂಗುತ್ತಿದೆ.

ಎ-104, 11:15
ಮೂರೂ ಹಾಲು ಕುಡಿಯುತ್ತಿವೆ. ಅಷ್ಟು ನೋವಲ್ಲೂ ಒಂದೊಂದನ್ನೇ ನೆಕ್ಕುತ್ತಿದ್ದಾಳೆ. ನನಗೆ ಅಳು ಬಂತು. ಇನ್ನು ಕೆಲವು ವಾರ ಅವಳು ಓಡಾಡದಂತೆ ಪಂಜರದಲ್ಲೇ ಇಡಬೇಕು. ಬಂದ ಮೇಲೆ ನಮ್ಮ ಬಾಲ್ಕನಿಯಲ್ಲಿ ಇರಲಿ. ಪಂಜರ ಯಾರ ಹತ್ತಿರವಾದರೂ ಇದ್ದರೆ ಹೇಳಿ. ನಾಳೆ 9 ಗಂಟೆಗೆ ಆಸ್ಪತ್ರೆಗೆ ನನ್ನ ಜೊತೆ ಯಾರು ಬರುತ್ತೀರಿ?

ಸಿ-501
ನಾನು ಬರುತ್ತೇನೆ.