ಬಂದರದ ವಿಡಿಯೋ, ಬೀದರ್ ಕಿಲ್ಲಾ: ಮನಿ ಗುಂಪಿನ್ಯಾಗ ನಡೆದ ವಾದ

ಸಣ್ಣ ಕಾಕಾ: ಮೊರಾಕ್ಕೋ ದೇಶದ ಎಸ್ಸವೀರಾ ಬಂದರದ ವಿಡಿಯೋ ಹಾಕೀನಿ, ಎಲ್ಲಾರೂ ನೋಡ್ರಿ. ‘ಗೇಮ್ ಆಫ್ ಥ್ರೋನ್ಸ್’ ಅನ್ನೋ ಇಂಗ್ಲಿಷ್ ಟಿವಿ ಧಾರಾವಾಹಿ ಮೂರನೇ ಸೀಜನ್‌ದಾಗ ಬರೋ ಗುಲಾಮರ ಊರು ಇಲ್ಲೇ ತಗದದ್ದು. ಆ ಮೀನಿನ ದೋಣಿ, ಬಲಿ ಎಲ್ಲಾ ಆಚೀಗಿ ಸರಿಸಿದ್ರ ವರ್ಷಪೂರ್ತಿ ಶೂಟಿಂಗ್ ನಡೀತದ. ನಮ್ಮ ಬೀದರ್ ಕಿಲ್ಲಾಕ್ಕೂ ಹಿಂಗೇ ಮಾಡಬೇಕು.

ನಾನು: ಕಾಕಾ, ದೋಣಿ ಸರಿಸಿದ್ರ ಅಲ್ಲಿ ನೋಡೋದೇನು ಉಳೀತದರಿ? ಅದು ಇವತ್ತಿಗೂ ದುಡಿಯೋ ಬಂದರ. ನೀಲಿ ದೋಣಿ ಸಾಲಾಗಿ ನಿಂತಾವ, ಬಾಜೂಕೇ ಕಟಗಿ ದೋಣಿ ಕಟ್ತಾರ.

ಅಣ್ಣ: ಖರೇ ಅದ. 18ನೇ ಶತಮಾನದಾಗ ಸುಲ್ತಾನ ಮೂರನೇ ಮೊಹಮ್ಮದ್ ಕಟ್ಟಿಸಿದ ಊರದು. ಆಮ್ಯಾಲ ದೊಡ್ಡ ಹಡಗಿನ ವ್ಯಾಪಾರ ಅದೇ ದೇಶದ ಕಾಸಾಬ್ಲಾಂಕಾ ಬಂದರಕ್ಕ ಹೋತು, ಇಲ್ಲಿ ಮೀನುಗಾರ್ರು ಉಳದ್ರು. 2001ರಾಗ ಯುನೆಸ್ಕೋದ ವಿಶ್ವ ಪರಂಪರೆ ಪಟ್ಟಿಗೆ ಬಂತು.

ಅತ್ತಿ: ಮೀನದಾಗ ಎಷ್ಟು ಬರ್ತದಪ್ಪಾ? ಶೂಟಿಂಗ್‌ದವರು ಕೂಲಿ ಚೊಲೋ ಕೊಡ್ತಾರ. ಬಡವರಿಗಿ ಅದೂ ಬೇಕಲ್ಲ.

ನಾನು: ಕೊಡ್ಲಿ ಅತ್ತಿ, ಬ್ಯಾಡ ಅನ್ನಂಗಿಲ್ಲ. ಆದ್ರ ಅವರು ಬಂದು ಹೋಗೋ ಮಂದಿ. ಅಮೆರಿಕಾದ ಸಿನಿಮಾ ನಿರ್ದೇಶಕ ಆರ್ಸನ್ ವೆಲ್ಸ್ ಇದೇ ಎಸ್ಸವೀರಾದಾಗ ‘ಒಥೆಲೋ’ ಸಿನಿಮಾ ತಗದ. ವೇಷದ ಅರಿವಿ ಬರಲಿಲ್ಲಂತ ಒಂದು ಕೊಲಿ ದೃಶ್ಯ ಹಮಾಮ್‌ದಾಗ, ಅಂದ್ರ ಊರ ಮಂದಿ ಸ್ನಾನದ ಮನಿಯಾಗ, ನಡದಂಗ ಮಾಡಿ, ಮಂದಿಗಿ ಟವೆಲ್ ಸುತ್ತಿಸಿ ಮುಗಿಸಿದ. 1952ರಾಗ ಫ್ರಾನ್ಸ್‌ದ ಕಾನ್ ಸಿನಿಮಾ ಉತ್ಸವದಾಗ ಅದಕ್ಕ ದೊಡ್ಡ ಪ್ರಶಸ್ತಿ ಬಂತು. ಹೆಸರಾತು ಅಷ್ಟೇ. ದಿನಾ ಒಲಿ ಉರಿಯೋದು ಮೀನಿಂದೇ.

ಸಣ್ಣ ಕಾಕಾ: ನಾ ಬೀದರ್‌ದ ಸಲುವಾಗಿ ಹೇಳ್ಲಾಕತ್ತೀನಿ ನೋಡವಾ. ಸತುವಿನ ಸಾಮಾನಿನ ಮ್ಯಾಲ ಬೆಳ್ಳಿ ಕೂಡಿಸೋ ಬಿದರಿ ಕೆಲಸದ ಓಣಿಯಾಗ ಹೊಗಿ, ಸುತ್ತಗಿ ಸಪ್ಪಳ. ಅವರಿಗಿ ಊರ ಹೊರಗ ಜಾಗ ಕೊಟ್ರ ಓಣಿ ಖಾಲಿ ಸಿಗ್ತದ.

ನಾನು: ಆ ಓಣಿ ನನಗ ತೋರಿಸಿದವರು ನೀವೇ. ಬೆಳ್ಳಿ ತಂತಿ ಕೂಡಿಸಿದ ಹೂಜಿ ಬೂದಿ ಬಣ್ಣ ಇತ್ತು, ಬೆಳ್ಳಿ ಯಾವುದು ಸತು ಯಾವುದು ತಿಳೀತಿರಲಿಲ್ಲ. ಕಿಲ್ಲಾದ ಮಣ್ಣು, ನವಸಾಗರ ಅನ್ನೋ ಉಪ್ಪು ಹಾಕಿ ಕಾಸಿದ ನೀರಾಗ ಎದ್ದಿ ತಗದ್ರ ಸತು ಕರ್ರಗಾತು, ಬೆಳ್ಳಿ ಹೊಳೀತು. ಮಳಿ ಬಿಸಲು ತಾಕದ ಜಾಗದ ಮಣ್ಣೇ ಬೇಕಂತಾರ ಅವರು. ಕಿಲ್ಲಾಕ್ಕೂ ಆ ಕೈಗೂ ಇಷ್ಟು ಹತ್ತಿರದ ನಂಟು ಅದ. ಅವರನ್ನ ಎಬ್ಬಿಸಿ ಖಾಲಿ ಓಣಿ ಯಾರಿಗಿ ತೋರಿಸ್ತೀರಿ?

ಅತ್ತಿ: ಹಂಗಿದ್ರ ಶೂಟಿಂಗ್ ಬರ್ಲಿ, ಓಣಿ ಎಬ್ಬಿಸೋದು ಬ್ಯಾಡ. ಕೆಲಸ ನಿಂತ ದಿನದ ಕೂಲಿ ಮೊದಲೇ ಅವರ ಕೈಗಿ ಕೊಡಬೇಕು.

ಸಣ್ಣ ಕಾಕಾ: ಕೂಲಿ ಮಾತು ಒಪ್ತೀನಿ. ಓಣಿದು ಐತವಾರ ಮನಿಗಿ ಬರ್ರಿ, ಕೂತು ಮಾತಾಡಾಮು. ನಂದಿನ್ನಾ ಮುಗಿದಿಲ್ಲ.