ಪದಚರ್ಚೆ: ಸೋಲ್ಡರಿಂಗ್, ಸ್ಪಾಟ್ ವೆಲ್ಡಿಂಗ್ ಎರಡೂ ‘ಬೆಸುಗೆ’ಯೇ?

ಮಾನ್ಯರೇ,

ಬ್ಯಾಟರಿ ಪ್ಯಾಕ್ ದುರಸ್ತಿ ಕಲಿಯುವವರಿಗಾಗಿ ಬರೆಯುತ್ತಿರುವ ಕೈಪಿಡಿಯೊಂದರ ಒಂದು ವಾಕ್ಯ ನನ್ನನ್ನು ತೊಡಕಿಗೆ ಸಿಕ್ಕಿಸಿದೆ: ‘ಮೊದಲು ತಂತಿಯನ್ನು ನಿಕ್ಕಲ್ ಪಟ್ಟಿಗೆ ಬೆಸೆಯಿರಿ, ಆಮೇಲೆ ಪಟ್ಟಿಯನ್ನು ಸೆಲ್ಲಿಗೆ ಬೆಸೆಯಿರಿ.’ ಮೊದಲನೆಯದು ಸೋಲ್ಡರಿಂಗ್, ಅಂದರೆ ಬೇಗ ಕರಗುವ ಮಿಶ್ರಲೋಹವನ್ನು (ಸೋಲ್ಡರ್) ಕಾದ ಐರನ್ನಿನಿಂದ ಕರಗಿಸಿ ಕೂಡಿಸುವುದು; ಎರಡನೆಯದು ಸ್ಪಾಟ್ ವೆಲ್ಡಿಂಗ್, ಅಂದರೆ ಕರೆಂಟು ಹಾಯಿಸಿ ಎರಡು ಲೋಹಗಳನ್ನೇ ಚುಕ್ಕೆಯಷ್ಟು ಜಾಗದಲ್ಲಿ ಒಂದಾಗಿಸುವುದು. ಕರಡನ್ನು ಓದಿದ ಹುಡುಗನೊಬ್ಬ ಎರಡಕ್ಕೂ ಸೋಲ್ಡರಿಂಗ್ ಐರನ್ನನ್ನೇ ಹಿಡಿದ. ಸೆಲ್ಲಿನ ತಳಕ್ಕೆ ಸೋಲ್ಡರ್ ಹಿಡಿಯುತ್ತಿಲ್ಲವೆಂದು ಅರ್ಧ ನಿಮಿಷ ಒತ್ತಿಯೇ ಇದ್ದ. ತಪ್ಪು ಅವನದಲ್ಲ, ನನ್ನ ಕ್ರಿಯಾಪದದ್ದು.

ಇದು ಬರಿಯ ಪದಗಳ ಮಡಿವಂತಿಕೆಯಲ್ಲ. 63 ಪಾಲು ತವರ, 37 ಪಾಲು ಸೀಸ ಬೆರೆತ ಸೋಲ್ಡರ್ ಕರಗುವುದು 183 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಐರನ್ನಿನ ತುದಿ ಇರುವುದು ಸಾಮಾನ್ಯವಾಗಿ 350ರ ಆಸುಪಾಸಿನಲ್ಲಿ. ಆದರೆ ಇಂಥ ಪ್ಯಾಕುಗಳಲ್ಲಿರುವ, 18650 ಎಂಬ ಅಳತೆಯ ಉರುಳೆಯಾಕಾರದ ಲಿಥಿಯಂ ಸೆಲ್ಲಿನೊಳಗೆ ಧನ, ಋಣ ಪದರಗಳನ್ನು ಬೇರೆಯಾಗಿಡುವ ತೆಳುಹಾಳೆ ಪಾಲಿಎಥಿಲೀನ್‌ನದಾದರೆ 130 ಡಿಗ್ರಿ ದಾಟುತ್ತಲೇ ಕರಗತೊಡಗುತ್ತದೆ, ಪದರಗಳು ಒಂದಕ್ಕೊಂದು ತಾಗಿದರೆ ಒಳಗೇ ಶಾರ್ಟ್ ಆಗುತ್ತದೆ. ಸ್ಪಾಟ್ ವೆಲ್ಡಿಂಗ್‌ನಲ್ಲಾದರೋ ಕೆಲವೇ ಮಿಲಿಸೆಕೆಂಡು ಹರಿಯುವ ಭಾರೀ ಕರೆಂಟು ಪಟ್ಟಿಯನ್ನೂ ಉಕ್ಕಿನ ಡಬ್ಬಿಯನ್ನೂ ಚುಕ್ಕೆಯಷ್ಟು ಜಾಗದಲ್ಲಿ ಕೂಡಿಸಿ, ಶಾಖ ಒಳಗಿಳಿಯುವ ಮೊದಲೇ ನಿಂತುಬಿಡುತ್ತದೆ. ತಂತಿಯನ್ನು ಮುಂಚೆಯೇ ಪಟ್ಟಿಗೆ ಸೋಲ್ಡರ್ ಮಾಡಿಕೊಳ್ಳುವುದೂ ಇದೇ ಕಾರಣಕ್ಕೆ.

‘ಬೆಸೆ’ ಎಂದರೆ ಕೂಡಿಸು ಎಂದಷ್ಟೇ; ನಡುವೆ ಮೂರನೆಯ ಲೋಹ ಕರಗಿ ಹಿಡಿಯುತ್ತದೆಯೋ, ಎರಡು ಲೋಹಗಳು ತಾವೇ ಒಂದಾಗುತ್ತವೆಯೋ ಎಂಬುದನ್ನು ಅದು ಹೇಳುವುದಿಲ್ಲ. ಸ್ನೇಹದ ಬೆಸುಗೆಗೆ ಅಷ್ಟು ಸಾಕು, ಸೆಲ್ಲಿಗೆ ಸಾಲದು.

ನನಗೆ ಹೊಳೆದಿರುವುದು ‘ತವರಬೆಸುಗೆ’ ಮತ್ತು ‘ಬೊಟ್ಟುಬೆಸುಗೆ’. ಪಟ್ಟಿಯ ಮೇಲೆ ಜೋಡಿಜೋಡಿಯಾಗಿ ಬೊಟ್ಟಿಟ್ಟಂತೆ ಸಣ್ಣ ಗುಳಿಗಳು ಮೂಡುವುದರಿಂದ ಎರಡನೆಯದು ಕಣ್ಣಿಗೆ ಕಟ್ಟುತ್ತದೆ; ‘ಬಿಂದುಬೆಸುಗೆ’ಗೆ ರೇಖಾಗಣಿತದ ವಾಸನೆಯಿದೆ. ಮೊದಲನೆಯದರ ಬಗ್ಗೆ ನನಗೇ ಅನುಮಾನ, ಏಕೆಂದರೆ ಅಂಗಡಿಯಲ್ಲಿ ‘ಸೋಲ್ಡರ್ ಮಾಡು’ ಎನ್ನದವರನ್ನು ನಾನು ಕಂಡಿಲ್ಲ. ತಂತಿಯ ತುದಿಗೆ ಮುಂಚಿತವಾಗಿ ಸೋಲ್ಡರ್ ಲೇಪಿಸುವುದಕ್ಕೆ ಮಾತ್ರ ಹೊಸ ಪದ ಬೇಕಿಲ್ಲ. ತಾಮ್ರದ ಪಾತ್ರೆಗೆ ತವರ ಬಳಿಯುವ ‘ಕಲಾಯಿ’ ಇದ್ದೇ ಇದೆ, ಕೆಲಸವೂ ಅದೇ.

ಅಕ್ಕಸಾಲಿಗರು ಬಿಳಿಗಾರ ಹಾಕಿ, ಬೇಗ ಕರಗುವ ಮಿಶ್ರಲೋಹದಿಂದ ಒಡವೆಯನ್ನು ಕೂಡಿಸುತ್ತಾರೆ. ಕಮ್ಮಾರರು ಕಾದ ಎರಡು ಕಬ್ಬಿಣಗಳನ್ನು ಬಡಿದೇ ಒಂದು ಮಾಡುತ್ತಾರೆ. ನನ್ನ ತೊಡಕಿನಲ್ಲಿರುವ ಭೇದವೂ ಬಹುಮಟ್ಟಿಗೆ ಇದೇ. ನಿಮ್ಮ ಕಡೆಯ ಕುಲುಮೆಯಲ್ಲಿ ಈ ಎರಡಕ್ಕೆ ಬೇರೆಬೇರೆ ಕ್ರಿಯಾಪದಗಳನ್ನು ಕೇಳಿದ್ದೀರಾ? ಕೇಳಿದ್ದರೆ, ಊರಿನ ಹೆಸರಿನೊಡನೆ ದಯವಿಟ್ಟು ತಿಳಿಸಿ.